ಚೆಂಡು ಮುಟ್ಟದ ಆಟಗಾರ

ಫುಟ್‌ಬಾಲ್ ಎಂದೊಡನೆ ನಮ್ಮ ವಾಚಕರ ಕಣ್ಣೆದುರು ಕಾಲ್ಚೆಂಡಾಟವೇ ಸುಳಿಯುವುದು ಸಹಜ. ಅಮೆರಿಕೆಯವರು ಆ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಾಲಿಗೆ ಕೆಲಸ ವಿರಳ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ ಮುಂದೆ ಐವರು ದೈತ್ಯದೇಹಿಗಳು ಗೋಡೆಯಂತೆ ನಿಂತು, ನುಗ್ಗಿಬರುವ ಎದುರಾಳಿಗಳನ್ನು ಮೈಯೊಡ್ಡಿ ತಡೆಯಬೇಕು. ಇವರೇ ಅಫೆನ್ಸಿವ್ ಲೈನ್‌ಮನ್‌ಗಳು. ಜಯಕಾರವೆಲ್ಲ ಚೆಂಡು ಹಿಡಿದವನಿಗೆ. ಇವರ ಹೆಸರು ಕೇಳಿಬರುವುದು ಬಹುಮಟ್ಟಿಗೆ ತಪ್ಪಿ ನಡೆದಾಗ ಮಾತ್ರ.

ಇಂತಹ ಗೋಡೆಯ ಒಂದು ಕಲ್ಲಾಗಿದ್ದವನು ಜಾನ್ ಅರ್ಷೆಲ್. 1991ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಜನನ; ಬೆಳೆದದ್ದು ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದಲ್ಲಿ. ತಂದೆ ಶಸ್ತ್ರವೈದ್ಯರು. ಮಗ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಲೆಂಬುದು ತಾಯಿಯ ಆಸೆ. ಮಗನಾದರೋ ಆಟದ ವಿದ್ಯಾರ್ಥಿವೇತನ ಪಡೆದು ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸೇರಿದ. ಅಲ್ಲಿಯ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಕುಳಿತುಕೊಳ್ಳಬಹುದು. ಕಾಲೇಜು ಹುಡುಗರ ಆಟಕ್ಕೆ ಒಂದು ಲಕ್ಷ ಪ್ರೇಕ್ಷಕರು!

2012ರಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಭಾರೀ ಕಳಂಕ ತಟ್ಟಿತು. ತಂಡದ ಮಾಜಿ ಸಹಾಯಕ ತರಬೇತುದಾರನೊಬ್ಬ ಮಕ್ಕಳ ಮೇಲೆ ನಡೆಸಿದ್ದ ಲೈಂಗಿಕ ಅತ್ಯಾಚಾರಗಳು ನ್ಯಾಯಾಲಯದಲ್ಲಿ ಸಾಬೀತಾದವು. ತಂಡಕ್ಕೆ ಕಠಿಣ ದಂಡನೆ ವಿಧಿಸಲಾಯಿತು. ಆಟಗಾರರು ಬಯಸಿದರೆ ಬೇರೆ ಕಾಲೇಜಿಗೆ ಹೋಗಬಹುದೆಂದೂ ಸಾರಲಾಯಿತು. ಕೆಲವರು ಹೋದರು. ಅರ್ಷೆಲ್ ಹೋಗಲಿಲ್ಲ. ಆ ವರ್ಷ ತಂಡ ಎಂಟು ಪಂದ್ಯಗಳನ್ನು ಗೆದ್ದಿತು.

ಈ ನಡುವೆಯೇ ಆತ ಗಣಿತದಲ್ಲಿ ಸ್ನಾತಕ, ಸ್ನಾತಕೋತ್ತರ ಪದವಿಗಳೆರಡನ್ನೂ ಪಡೆದ. ಆಟವಾಡುತ್ತಿದ್ದಾಗಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದ. ವಿದ್ಯೆ, ಆಟ ಎರಡರಲ್ಲೂ ಮಿಗಿಲಾದವನಿಗೆ ಕೊಡುವ ಕ್ಯಾಂಪ್‌ಬೆಲ್ ಪಾರಿತೋಷಕ 2013ರಲ್ಲಿ ಆತನದಾಯಿತು. 2014ರಲ್ಲಿ ಬಾಲ್ಟಿಮೋರ್ ರೇವನ್ಸ್ ಎಂಬ ವೃತ್ತಿಪರ ತಂಡ ಆತನನ್ನು ಆರಿಸಿಕೊಂಡಿತು.

2015ರ ಆಗಸ್ಟಿನಲ್ಲಿ ಅಭ್ಯಾಸದ ವೇಳೆ ತಲೆಗೆ ಪೆಟ್ಟು ಬಿದ್ದಿತು. ಮೈದಾನಕ್ಕಿಳಿಯಲು ಸುಮಾರು ಮೂರು ವಾರ ಬೇಕಾಯಿತು. ಉನ್ನತ ಗಣಿತದ ಆಕೃತಿಗಳನ್ನು ಮನಸ್ಸಿನಲ್ಲಿ ಮೂಡಿಸಿಕೊಳ್ಳುವ ಶಕ್ತಿ ಮರಳಲು ಇನ್ನೂ ಹೆಚ್ಚು ಕಾಲ ಹಿಡಿಯಿತೆಂದು ಆತನೇ ಮುಂದೆ ಹೇಳಿಕೊಂಡ. ಗಣಿತಜ್ಞನಿಗೆ ಇದಕ್ಕಿಂತ ಭಯಾನಕವಾದ ಅನುಭವ ಯಾವುದಿದ್ದೀತು? ಆದರೂ ಆಡಿದ. 2016ರಲ್ಲಿ, ತಾಯಿ ಬಯಸಿದ್ದ ಆ ಮೆಸಾಚುಸೆಟ್ಸ್ ಸಂಸ್ಥೆಯಲ್ಲೇ ಸಂಶೋಧನೆಗೂ ತೊಡಗಿದ.

2017ರ ಜುಲೈ 25ರಂದು ಬಾಸ್ಟನ್ನಿನ ಸಂಶೋಧಕರ ವರದಿಯೊಂದು ಹೊರಬಿದ್ದಿತು. ದಿವಂಗತ ವೃತ್ತಿಪರ ಆಟಗಾರರ 111 ಮಿದುಳುಗಳನ್ನು ಪರೀಕ್ಷಿಸಲಾಗಿ, 110ರಲ್ಲಿ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಗೆ ಸಂಬಂಧಿಸಿದ, ಮಿದುಳು ಕ್ಷೀಣಿಸುವ ರೋಗದ ಲಕ್ಷಣ ಕಂಡಿತ್ತು. ರೋಗದ ಶಂಕೆಯಿದ್ದ ಮನೆಯವರೇ ಹೆಚ್ಚಾಗಿ ಮಿದುಳುಗಳನ್ನು ದಾನ ಮಾಡಿದ್ದರಿಂದ, ಆಟಗಾರರೆಲ್ಲರಿಗೂ ಈ ಲೆಕ್ಕವನ್ನು ಅನ್ವಯಿಸಲಾಗದು. ಸಂಶೋಧಕರೂ ಅದನ್ನು ಮರೆಮಾಚಲಿಲ್ಲ. ಎರಡೇ ದಿನಗಳಲ್ಲಿ ಅರ್ಷೆಲ್ ನಿವೃತ್ತಿ ಘೋಷಿಸಿದ. ಆಗ ವಯಸ್ಸು 26. ಡಿಸೆಂಬರಿನಲ್ಲಿ ಮೊದಲ ಮಗುವಿನ ನಿರೀಕ್ಷೆಯಿದೆಯೆಂದೂ, ಇನ್ನು ಪೂರ್ಣಕಾಲ ಅಧ್ಯಯನವೆಂದೂ ಆತ ತಿಳಿಸಿದ.

2021ರಲ್ಲಿ ಡಾಕ್ಟರೇಟ್ ದೊರೆಯಿತು. 2023ರಲ್ಲಿ ಅದೇ ಸಂಸ್ಥೆ ಆತನನ್ನು ಗಣಿತದ ಸಹಾಯಕ ಪ್ರಾಧ್ಯಾಪಕನನ್ನಾಗಿ ನೇಮಿಸಿಕೊಂಡಿತು.