ಬಾಡಿಗೆಗೆ ನೀಡುವ ಉದ್ದೇಶದಿಂದ ಮನೆ ಖರೀದಿಸುವವರು ಗಮನಿಸಬೇಕಾದ ಅಂಶಗಳು: ಮುಂಗಡ ಹಣ, ನೋಂದಣಿ ವೆಚ್ಚ ಮತ್ತು ಗೃಹಸಾಲದ ಕಂತು

ಯಲಹಂಕ, ಹೆಬ್ಬಾಳ, ಯಶವಂತಪುರ ಹಾಗೂ ಆರ್.ಟಿ. ನಗರ ಪ್ರದೇಶಗಳಲ್ಲಿ ಬಾಡಿಗೆ ಆದಾಯಕ್ಕಾಗಿ ಸಾಲ ಪಡೆದು ಮನೆ ಖರೀದಿಸಲು ಇಚ್ಛಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಸ್ವಂತ ಹಣ ಎಷ್ಟು ಬೇಕು?

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳಂತೆ, 30 ಲಕ್ಷ ರೂ.ವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ ಗರಿಷ್ಠ ಶೇ. 90, 30 ರಿಂದ 75 ಲಕ್ಷ ರೂ.ವರೆಗೆ ಶೇ. 80 ಹಾಗೂ ಅದಕ್ಕೂ ಮೇಲ್ಪಟ್ಟ ಸಾಲಕ್ಕೆ ಶೇ. 75 ರಷ್ಟನ್ನು ಮಾತ್ರ ನೀಡಬಹುದು. ಮನೆಯ ಬೆಲೆ 10 ಲಕ್ಷ ರೂ. ಮೀರಿದಲ್ಲಿ, ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವನ್ನು ಈ ಮೌಲ್ಯಕ್ಕೆ ಸೇರಿಸುವಂತಿಲ್ಲ. ಇವುಗಳನ್ನು ಖರೀದಿದಾರರೇ ಭರಿಸತಕ್ಕದ್ದು.

ಉದಾಹರಣೆ: ನಗರ ವ್ಯಾಪ್ತಿಯ 60 ಲಕ್ಷ ರೂ. ಬೆಲೆಯ ಫ್ಲಾಟ್
- ಗರಿಷ್ಠ ಸಾಲ (ಶೇ. 80): 48,00,000 ರೂ.
- ಖರೀದಿದಾರರ ಪಾಲು: 12,00,000 ರೂ.
- ಮುದ್ರಾಂಕ ಶುಲ್ಕ (ಶೇ. 5): 3,00,000 ರೂ.
- ಮುದ್ರಾಂಕ ಶುಲ್ಕದ ಮೇಲೆ ಶೇ. 10 ಉಪಕರ ಮತ್ತು ಶೇ. 2 ಅಧಿಭಾರ: 36,000 ರೂ.
- ನೋಂದಣಿ ಶುಲ್ಕ (31-08-2025 ರಿಂದ ಶೇ. 2): 1,20,000 ರೂ.
- ಒಟ್ಟು ಸ್ವಂತ ಹಣ: 16,56,000 ರೂ.

ಮುದ್ರಾಂಕ ಶುಲ್ಕವನ್ನು ಮಾರ್ಗಸೂಚಿ ಬೆಲೆ ಅಥವಾ ಕ್ರಯದ ಮೊತ್ತ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ ಹಾಕಲಾಗುವುದು. ಮೊದಲ ಬಾರಿಗೆ ನೋಂದಣಿಯಾಗುವ 45 ಲಕ್ಷ ರೂ.ವರೆಗಿನ ಫ್ಲಾಟ್‌ಗಳಿಗೆ ರಿಯಾಯಿತಿ ದರವಿದೆ. ಬೆಲೆ 50 ಲಕ್ಷ ರೂ. ಅಥವಾ ಹೆಚ್ಚಿದ್ದಲ್ಲಿ ಖರೀದಿದಾರರು ಶೇ. 1 ರಷ್ಟು ಆದಾಯ ತೆರಿಗೆಯನ್ನು ಮಾರಾಟಗಾರರ ಹಣದಲ್ಲಿ ಕಡಿತಗೊಳಿಸಿ ಪಾವತಿಸಬೇಕು. ಇದು ಹೆಚ್ಚುವರಿ ವೆಚ್ಚವಲ್ಲ. ಬ್ಯಾಂಕಿನ ಪ್ರಕ್ರಿಯಾ ಶುಲ್ಕ ಮತ್ತು ಹಕ್ಕುಪತ್ರಗಳ ಠೇವಣಿಗೆ ತಗಲುವ ಮುದ್ರಾಂಕ ಶುಲ್ಕ ಪ್ರತ್ಯೇಕ.

2. ಬಾಡಿಗೆಯಿಂದ ಕಂತು ತೀರುವುದೇ?

48 ಲಕ್ಷ ರೂ. ಸಾಲಕ್ಕೆ ಶೇ. 8.5 ಬಡ್ಡಿದರದಲ್ಲಿ 20 ವರ್ಷಗಳ ಅವಧಿಗೆ ಮಾಸಿಕ ಕಂತು ಸುಮಾರು 41,655 ರೂ. ಆಗುತ್ತದೆ. ಮೊದಲ ಕಂತಿನಲ್ಲಿ 34,000 ರೂ. ಬಡ್ಡಿಗೇ ಸಲ್ಲುತ್ತದೆ. ಬಾಡಿಗೆ ಮಾಸಿಕ 20,000 ರೂ. ಎಂದೂ, ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇರುವುದೆಂದೂ ಭಾವಿಸಿದಲ್ಲಿ, ವಾರ್ಷಿಕ ಬಾಡಿಗೆ 2,20,000 ರೂ., ವಾರ್ಷಿಕ ಕಂತು 4,99,860 ರೂ. ಕೊರತೆಯ 2,79,860 ರೂ.ಗಳನ್ನು ಸಂಬಳ ಅಥವಾ ಉಳಿತಾಯದಿಂದ ತುಂಬಬೇಕಾಗುತ್ತದೆ. ಆಸ್ತಿ ತೆರಿಗೆ ಮತ್ತು ನಿರ್ವಹಣಾ ವೆಚ್ಚ ಇದರಲ್ಲಿ ಸೇರಿಲ್ಲ.

ಬಡ್ಡಿದರ ಶೇ. 9.5 ಕ್ಕೆ ಏರಿದಲ್ಲಿ ಕಂತು ಸುಮಾರು 3,090 ರೂ. ಹೆಚ್ಚುತ್ತದೆ. ಸಾಲವನ್ನು 36 ಲಕ್ಷ ರೂ.ಗೆ ಮಿತಿಗೊಳಿಸಿದಲ್ಲಿ, ಶೇ. 8.5 ರ ದರದಲ್ಲಿ ಕಂತು ಸುಮಾರು 31,240 ರೂ.ಗೆ ಇಳಿಯುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದಲ್ಲಿ ದಂಡ ಶುಲ್ಕ ವಿಧಿಸುವಂತಿಲ್ಲ.

ಬಾಡಿಗೆದಾರರು ನೀಡುವ ಭದ್ರತಾ ಠೇವಣಿಯು ಮರಳಿ ಕೊಡಬೇಕಾದ ಹಣ. ಅದನ್ನು ಮುಂಗಡಕ್ಕೆ ಅಥವಾ ಕಂತಿಗೆ ಬಳಸಿದವರು, ಬಾಡಿಗೆದಾರರು ಮನೆ ತೆರವುಗೊಳಿಸುವಾಗ ತೊಂದರೆಗೆ ಸಿಲುಕುವ ಸಂಭವವಿದೆ.

3. ಆದಾಯ ತೆರಿಗೆ

ಬಾಡಿಗೆಯಿಂದ ಆಸ್ತಿ ತೆರಿಗೆಯನ್ನು ಕಳೆದು ಉಳಿದ ಮೊತ್ತದಲ್ಲಿ ಶೇ. 30 ಹಾಗೂ ಸಾಲದ ಬಡ್ಡಿಯನ್ನು ಕಡಿತಗೊಳಿಸಲು ಅವಕಾಶವಿದೆ. ಇದರಿಂದ ಉಂಟಾಗುವ ನಷ್ಟವನ್ನು ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂ.ವರೆಗೆ ಸಂಬಳದಂತಹ ಇತರ ಆದಾಯದೊಂದಿಗೆ ಹೊಂದಿಸಬಹುದು. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ.

4. ಮುಂಗಡ ನೀಡುವ ಮುನ್ನ

(ಅ) ಕಾವೇರಿ ತಂತ್ರಾಂಶದ ಮೂಲಕ ಋಣಭಾರ ಪ್ರಮಾಣಪತ್ರ ಪಡೆದು ಪರಿಶೀಲಿಸುವುದು.
(ಆ) ಮಾರಾಟಗಾರರ ಹೆಸರಿನಲ್ಲಿ ಇ-ಖಾತಾ ಇರುವುದನ್ನು ಖಚಿತಪಡಿಸಿಕೊಳ್ಳುವುದು. ನಗರದಲ್ಲಿ ನೋಂದಣಿಗೆ 2024 ರಿಂದ ಇದು ಕಡ್ಡಾಯ.
(ಇ) ನಿರ್ಮಾಣ ಹಂತದ ಯೋಜನೆಯಾದಲ್ಲಿ ಕರ್ನಾಟಕ ರೇರಾ ನೋಂದಣಿಯನ್ನು ಪರಿಶೀಲಿಸುವುದು. ಮಾರಾಟ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10 ಕ್ಕಿಂತ ಹೆಚ್ಚು ಹಣ ಪಡೆಯಲು ನಿರ್ಮಾಣದಾರರಿಗೆ ಅಧಿಕಾರವಿಲ್ಲ.
(ಈ) ಸಾಲ ಮಂಜೂರಾಗದಿದ್ದಲ್ಲಿ ಮುಂಗಡ ಹಣ ಮರಳಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು.

ವಿಶೇಷ ಸೂಚನೆ: ಮೇಲಿನ ಬೆಲೆ, ಬಾಡಿಗೆ ಹಾಗೂ ಬಡ್ಡಿದರಗಳು ಉದಾಹರಣೆಗೆ ಮಾತ್ರ. ಕನಿಷ್ಠ ಆರು ತಿಂಗಳ ಕಂತಿನಷ್ಟು ಹಣವನ್ನು ಪ್ರತ್ಯೇಕವಾಗಿ ಇರಿಸಿಕೊಂಡು ಖರೀದಿಗೆ ಮುಂದಾಗುವುದು ಸೂಕ್ತ. ಶುಲ್ಕದ ನಿಖರ ಲೆಕ್ಕಕ್ಕಾಗಿ ಉಪ ನೋಂದಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.