ನಿಂತಲ್ಲೇ ಸವೆಯುವ ವಾಹನ

2013ರ ಫೆಬ್ರವರಿ ತಿಂಗಳಿನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಅಗ್ನಿಶಾಮಕ ದಳದವರಿಗೆ ವಿಚಿತ್ರವಾದ ಆಜ್ಞೆಯೊಂದು ಬಂದಿತು. ಯಾರದಾದರೂ ಪ್ರಾಣಕ್ಕೆ ಆ ಕ್ಷಣದ ಅಪಾಯವಿದ್ದ ಹೊರತು, ಲಾರಿಗಳ ಮೇಲಿನ ಯಾಂತ್ರಿಕ ಏಣಿಗಳನ್ನು ಬಳಸಕೂಡದು ಎಂಬುದೇ ಆ ಆಜ್ಞೆ. ಹಲವು ವರ್ಷಗಳಿಂದ ಆ ಏಣಿಗಳ ಸುರಕ್ಷತಾ ಪರೀಕ್ಷೆ ನಡೆದಿರಲಿಲ್ಲ; ಆದುದರಿಂದ ಅವು ಭಾರವನ್ನು ತಾಳುವುವೋ ಇಲ್ಲವೋ ಎಂಬುದನ್ನು ಖಚಿತವಾಗಿ ಹೇಳುವಂತಿರಲಿಲ್ಲ. ಅದೇ ವರ್ಷ ಜುಲೈ 18ರಂದು ನಗರವು ತಾನು ದಿವಾಳಿಯಾಗಿರುವುದಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಜಗತ್ತಿಗೆ ಮೋಟಾರು ಗಾಡಿಗಳನ್ನು ಕೊಟ್ಟ ಊರಿನಲ್ಲಿ, ಬೆಂಕಿಯನ್ನಾರಿಸುವ ಗಾಡಿಗಳಿಗೆ ಈ ಗತಿ ಬಂದಿತ್ತು.

ಕೆಂಪು ಬಣ್ಣದ ಈ ವಾಹನವನ್ನು ಬೀದಿಯಲ್ಲಿ ಕಂಡಾಗ ನಮ್ಮ ಗಮನವೆಲ್ಲ ಅದರ ಗಂಟೆಯ ಸದ್ದಿಗೂ ವೇಗಕ್ಕೂ ಹೋಗುವುದು ಸಹಜ. ಅದನ್ನು ಕೊಂಡವರು ಏನನ್ನು ನೋಡಿ ಕೊಂಡರು, ಅದು ಎಷ್ಟು ವರ್ಷ ಬಾಳೀತು ಎಂಬ ಪ್ರಶ್ನೆಗಳು ನಮಗೆ ಹೊಳೆಯುವುದಿಲ್ಲ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇಷ್ಟು ಪಾಠಗಳು ಒಂದೇ ಕಡೆ ದೊರೆಯುವ ಯಂತ್ರ ಅಪರೂಪವೆಂದೇ ನನ್ನ ಅಭಿಪ್ರಾಯ. ಅಮೆರಿಕದ ನಗರಗಳನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ; ಏಕೆಂದರೆ ಅಲ್ಲಿ ಪ್ರತಿಯೊಂದು ನಗರವೂ ತನ್ನ ವಾಹನ ಹೇಗಿರಬೇಕೆಂದು ತಾನೇ ಬರೆದುಕೊಟ್ಟು ಕಟ್ಟಿಸಿಕೊಳ್ಳುತ್ತದೆ.

ಈ ವಾಹನಗಳಲ್ಲಿ ಎರಡು ಮುಖ್ಯ ಜಾತಿಗಳುಂಟು. ಪಂಪು, ಕೊಳವೆ ಮತ್ತು ನೀರಿನ ತೊಟ್ಟಿಗಳನ್ನು ಹೊತ್ತದ್ದು ಒಂದು. ಉದ್ದನೆಯ ಏಣಿಯನ್ನು ಹೊತ್ತದ್ದು ಇನ್ನೊಂದು. ಪಂಪಿನ ವಾಹನದಲ್ಲಿ ಸಾಮಾನ್ಯವಾಗಿ 500 ಗ್ಯಾಲನ್, ಎಂದರೆ ಸುಮಾರು 1,900 ಲೀಟರು ನೀರಿರುತ್ತದೆ. ಅದರ ಪಂಪು ನಿಮಿಷಕ್ಕೆ 1,500 ಗ್ಯಾಲನ್ ನೀರನ್ನು ಎಸೆಯಬಲ್ಲುದು. ಭಾಗಿಸಿ ನೋಡಿದರೆ, ಪೂರ್ಣ ಸಾಮರ್ಥ್ಯದಲ್ಲಿ ತೊಟ್ಟಿಯ ನೀರು ಇಪ್ಪತ್ತೇ ಸೆಕೆಂಡುಗಳಲ್ಲಿ ಮುಗಿದುಹೋಗುವುದು! ಆದುದರಿಂದ ತೊಟ್ಟಿಯ ನೀರು ಕೇವಲ ಮೊದಲ ಹೊಡೆತಕ್ಕೆ. ಅಷ್ಟರೊಳಗೆ ಬೀದಿಯ ನೀರಿನ ಕಂಬಕ್ಕೆ ಕೊಳವೆಯನ್ನು ಜೋಡಿಸಿಕೊಳ್ಳಬೇಕು. ಆ ಜೋಡಣೆ ಹೊಂದದೆ ಹೋದರೆ? 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರ ಹೊತ್ತಿ ಉರಿದಾಗ ನೆರೆಯ ಊರುಗಳಿಂದ ಎಂಜಿನುಗಳು ಧಾವಿಸಿ ಬಂದುವು. ಅವುಗಳಲ್ಲಿ ಹಲವುದರ ಕೊಳವೆಯ ತಿರುಪುಗಳು ಬಾಲ್ಟಿಮೋರಿನ ಕಂಬಗಳಿಗೆ ಕೂರಲೇ ಇಲ್ಲ. ಸಾವಿರದ ಐನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದುವು. ತಿರುಪಿನ ಅಳತೆ ಎಲ್ಲೆಡೆಯೂ ಒಂದೇ ಆಗಿರಬೇಕೆಂಬ ಒತ್ತಾಯ ಬಲವಾದದ್ದು ಆ ಬಳಿಕವೇ.

ಪಂಪನ್ನು ಆರಿಸುವಾಗ ‘ಎಷ್ಟು ಗ್ಯಾಲನ್’ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ‘ಎಷ್ಟು ಒತ್ತಡದಲ್ಲಿ’ ಎಂದೂ ಕೇಳಬೇಕು. ಅಮೆರಿಕದ ಮಾನಕದ ಪ್ರಕಾರ ಪಂಪು ಚದರ ಅಂಗುಲಕ್ಕೆ 150 ಪೌಂಡು ಒತ್ತಡದಲ್ಲಿ ತನ್ನ ಪೂರ್ಣ ಪ್ರಮಾಣವನ್ನೂ, 200 ಪೌಂಡಿನಲ್ಲಿ ಅದರ ನೂರಕ್ಕೆ 70 ಭಾಗವನ್ನೂ, 250 ಪೌಂಡಿನಲ್ಲಿ ಅರ್ಧವನ್ನೂ ಕೊಡಬೇಕು. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುವುದೆಂಬುದು ವಾಚಕರಿಗೆ ಗೊತ್ತಿರುವುದಷ್ಟೆ. 1,500 ಗ್ಯಾಲನ್ ಪಂಪಿಗೆ ಲೆಕ್ಕಹಾಕಿದರೆ ಈ ಮೂರು ಸಂದರ್ಭಗಳಲ್ಲಿ ಕ್ರಮವಾಗಿ ಸುಮಾರು 98, 91 ಮತ್ತು 82 ಕಿಲೋವಾಟ್ ಬರುವುದು. ಮೂರೂ ಹತ್ತಿರ ಹತ್ತಿರವೇ. ಎಂಜಿನಿನ ಬಲ ಒಂದೇ. ಅದನ್ನು ಹೆಚ್ಚು ನೀರಾಗಿ ಪಡೆಯಬಹುದು, ಇಲ್ಲವೆ ಹೆಚ್ಚು ಎತ್ತರಕ್ಕೇರುವ ನೀರಾಗಿ ಪಡೆಯಬಹುದು. ಎರಡನ್ನೂ ಒಟ್ಟಿಗೆ ಬೇಡಿದರೆ ಎಂಜಿನನ್ನೇ ಬದಲಿಸಬೇಕು.

ಹಾಗೆ ಎರಡನ್ನೂ ಬೇಡಿದ ನಗರ ನ್ಯೂಯಾರ್ಕ್. 1965ರಲ್ಲಿ ಅಲ್ಲಿಯ ದಳಕ್ಕೆ ‘ಸೂಪರ್ ಪಂಪರ್’ ಎಂಬ ದೈತ್ಯ ವಾಹನ ಬಂದಿತು. ಇದನ್ನು ಯೋಜಿಸಿದವನು ವಿಲಿಯಂ ಫ್ರಾನ್ಸಿಸ್ ಗಿಬ್ಸ್. ಹಡಗುಗಳ ವಿನ್ಯಾಸದಲ್ಲಿ ಹೆಸರಾದವನು. ಹಡಗಿನವನ ಬುದ್ಧಿ ಹಡಗಿನತ್ತಲೇ ಹರಿಯಿತು: ಯುದ್ಧನೌಕೆಗಳಲ್ಲಿಯೂ ರೈಲುಗಳಲ್ಲಿಯೂ ಬಳಕೆಯಲ್ಲಿದ್ದ ನೇಪಿಯರ್ ಡೆಲ್ಟಿಕ್ ಎಂಬ ಹದಿನೆಂಟು ಸಿಲಿಂಡರಿನ, 2,400 ಅಶ್ವಶಕ್ತಿಯ ಡೀಸೆಲ್ ಎಂಜಿನನ್ನು ಅವನು ಲಾರಿಯ ಮೇಲೆ ಕೂರಿಸಿದನು. 350 ಪೌಂಡು ಒತ್ತಡದಲ್ಲಿ ನಿಮಿಷಕ್ಕೆ 8,800 ಗ್ಯಾಲನ್ ನೀರು ಅದರ ಸಾಮರ್ಥ್ಯ. ಈ ಅಂಕಿಗಳು ಒಂದಕ್ಕೊಂದು ಹೊಂದುವುವೇ ಎಂದು ಪರೀಕ್ಷಿಸೋಣ. 8,800 ಗ್ಯಾಲನ್ ಎಂದರೆ ಸೆಕೆಂಡಿಗೆ 0.555 ಘನ ಮೀಟರು. 350 ಪೌಂಡು ಒತ್ತಡವೆಂದರೆ ಚದರ ಮೀಟರಿಗೆ ಸುಮಾರು 24 ಲಕ್ಷ ನ್ಯೂಟನ್. ಗುಣಿಸಿದರೆ ಸುಮಾರು 1,340 ಕಿಲೋವಾಟ್, ಅಥವಾ 1,800 ಅಶ್ವಶಕ್ತಿ. ಎಂಜಿನಿನ 2,400ರಲ್ಲಿ ಮುಕ್ಕಾಲು ಪಾಲು ನೀರಿಗೆ ಸೇರಿತು, ಉಳಿದ ಕಾಲು ಪಾಲು ಪಂಪಿನೊಳಗಿನ ಘರ್ಷಣೆ ಮತ್ತು ಸುಳಿಗಳಲ್ಲಿ ಶಾಖವಾಯಿತು. ಲೆಕ್ಕ ಸರಿಯಾಗಿಯೇ ಇದೆ! 1982ರಲ್ಲಿ ಈ ವಾಹನ ನಿವೃತ್ತವಾಯಿತು. ಅಂಥದನ್ನು ಮತ್ತೊಮ್ಮೆ ಕಟ್ಟಿಸುವ ಗೋಜಿಗೆ ನ್ಯೂಯಾರ್ಕ್ ಹೋಗಲಿಲ್ಲ.

ಪಂಪಿನಂತೆಯೇ ವಾಹನದ ಮೈಕಟ್ಟನ್ನೂ ಊರಿನ ಲಕ್ಷಣವೇ ನಿರ್ಧರಿಸುತ್ತದೆ. ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬೀದಿಗಳು ಕಿರಿದು, ಏರುಗಳು ಕಡಿದು. ನೂರಡಿಯ ಏಣಿಯನ್ನು ಹೊತ್ತ ಉದ್ದನೆಯ ಲಾರಿ ಅಲ್ಲಿಯ ಮೂಲೆಗಳಲ್ಲಿ ತಿರುಗಲಾರದು. ಆದಕಾರಣ ಅಲ್ಲಿಯ ಏಣಿಯ ಲಾರಿಗೆ ಇಬ್ಬರು ಚಾಲಕರು: ಮುಂದಿನವನು ಮುಂದಿನ ಚಕ್ರಗಳನ್ನೂ, ಹಿಂತುದಿಯಲ್ಲಿ ಕುಳಿತವನು ಹಿಂದಿನ ಚಕ್ರಗಳನ್ನೂ ತಿರುಗಿಸುತ್ತಾರೆ. ಕೈಯಿಂದ ಎತ್ತಿ ನಿಲ್ಲಿಸುವ ಏಣಿಗಳು ಈಗಲೂ ಅಲ್ಲಿ ಮರದವೇ. ತಲೆಯ ಮೇಲೆ ವಿದ್ಯುತ್ ತಂತಿಗಳು ದಟ್ಟವಾಗಿರುವುದರಿಂದ ಅಲ್ಯುಮಿನಿಯಂ ಏಣಿಯನ್ನು ಅವರು ನಂಬುವುದಿಲ್ಲ. ದಳದ ಸ್ವಂತ ಕಮ್ಮಟದಲ್ಲಿಯೇ ಬಡಗಿಗಳು ಅವನ್ನು ಮಾಡುತ್ತಾರೆ.

ಇನ್ನು ಸವೆತದ ವಿಚಾರ. ಸಾಮಾನು ಸಾಗಿಸುವ ಲಾರಿ ಭಾರವನ್ನು ಇಳಿಸಿ ಬರಿದಾಗಿ ಹಿಂದಿರುಗುವುದುಂಟು. ಬೆಂಕಿಯ ಲಾರಿಗೆ ಆ ಭಾಗ್ಯವಿಲ್ಲ. ಶೆಡ್ಡಿನಲ್ಲಿ ನಿದ್ರಿಸುವಾಗಲೂ ಅದು ನೀರು, ಕೊಳವೆ, ಏಣಿ, ಕೊಡಲಿಗಳನ್ನೆಲ್ಲ ಹೊತ್ತೇ ಇರುತ್ತದೆ. ಅದರ ಸ್ಪ್ರಿಂಗುಗಳು ವರ್ಷದ ಎಲ್ಲ ದಿನವೂ ಬಾಗಿಯೇ ಇರುತ್ತವೆ. ಕರೆಗಂಟೆ ಬಾರಿಸಿದೊಡನೆ ತಣ್ಣಗಿರುವ ಎಂಜಿನು, ಎಣ್ಣೆ ಎಲ್ಲೆಡೆಯೂ ಹರಡಿ ಹದಕ್ಕೆ ಬರುವ ಮೊದಲೇ, ಪೂರ್ಣ ಬಲದಿಂದ ದುಡಿಯಬೇಕು. ಬಳಿಕ ಬೀದಿಯ ತಿರುವು ತಿರುವಿನಲ್ಲಿಯೂ ಬ್ರೇಕು. 20 ಟನ್ ತೂಕದ ವಾಹನ ಗಂಟೆಗೆ 60 ಕಿಲೋಮೀಟರು ವೇಗದಿಂದ ಬಂದು ಒಮ್ಮೆ ನಿಂತರೆ 28 ಲಕ್ಷ ಜೂಲ್‌ಗಳಷ್ಟು ಚಲನಶಕ್ತಿ ಬ್ರೇಕುಗಳಲ್ಲಿ ಶಾಖವಾಗಬೇಕು. ಎಂಟು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಇದು ಒಂದು ಸಲದ ನಿಲುಗಡೆಯ ಮಾತು.

ಇದಕ್ಕಿಂತ ದೊಡ್ಡ ಸವೆತ ಕಣ್ಣಿಗೆ ಬೀಳುವುದಿಲ್ಲ. ಸ್ಥಳವನ್ನು ಸೇರಿದ ಬಳಿಕ ವಾಹನ ನಿಲ್ಲುತ್ತದೆ, ಎಂಜಿನು ನಿಲ್ಲುವುದಿಲ್ಲ. ಪಂಪು, ದೀಪಗಳು, ರೇಡಿಯೋ ಎಲ್ಲಕ್ಕೂ ಅದೇ ಆಧಾರ. ಅಮೆರಿಕದ ನಗರಗಳಲ್ಲಿ ಈ ದಳಗಳಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಕಿಯವಲ್ಲ, ರೋಗಿಗಳವು. ಎದೆನೋವಿನ ಕರೆಗೂ ಇದೇ ಭಾರಿ ವಾಹನ ಓಡುವುದು. ಏಕೆಂದರೆ ಹಿಂದಿರುಗುವಷ್ಟರಲ್ಲಿ ಬೆಂಕಿಯ ಕರೆ ಬಂದರೆ ಸಿಬ್ಬಂದಿ ವಾಹನದೊಡನೆಯೇ ಇರಬೇಕು. ಹೀಗೆ ನಿಂತಲ್ಲೇ ಉರಿದ ಗಂಟೆಗಳು ಮೈಲಿಯ ಮೀಟರಿನಲ್ಲಿ ದಾಖಲಾಗುವುದಿಲ್ಲ. ನಿಂತಲ್ಲಿ ಒಂದು ಗಂಟೆ ಓಡಿದ ಎಂಜಿನು ಸುಮಾರು 25ರಿಂದ 33 ಮೈಲಿ ಪ್ರಯಾಣಿಸಿದಷ್ಟು ಸವೆದಿರುವುದೆಂದು ದುರಸ್ತಿ ಬಲ್ಲವರು ಗಣಿಸುತ್ತಾರೆ. ಒಂದು ವಾಹನ ಹತ್ತು ವರ್ಷಗಳಲ್ಲಿ 80,000 ಮೈಲಿ ಓಡಿದೆ, ಜೊತೆಗೆ 5,000 ಗಂಟೆ ನಿಂತೇ ಉರಿದಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 30 ಮೈಲಿ ಹಿಡಿದರೂ ಅದರ ಎಂಜಿನಿನ ನಿಜವಾದ ಓಟ 2,30,000 ಮೈಲಿ. ಮೈಲಿಯ ಮೀಟರನ್ನು ಮಾತ್ರ ನೋಡುವ ಲೆಕ್ಕಿಗನಿಗೆ ಇದು ಇನ್ನೂ ಪ್ರಾಯದ ವಾಹನವೆಂದೇ ತೋರುವುದು.

2007ರ ಬಳಿಕ ಇನ್ನೊಂದು ತೊಡಕು ಸೇರಿಕೊಂಡಿತು. ವಾಯುಮಾಲಿನ್ಯವನ್ನು ತಡೆಯಲು ಡೀಸೆಲ್ ಎಂಜಿನುಗಳಿಗೆ ಮಸಿ ಹಿಡಿಯುವ ಸೋಸುಕಗಳನ್ನು ಅಳವಡಿಸಲಾಯಿತು. ಹೆದ್ದಾರಿಯಲ್ಲಿ ದೀರ್ಘಕಾಲ ಓಡುವ ಲಾರಿಯಲ್ಲಿ ಹೊಗೆಯ ಶಾಖದಿಂದ ಈ ಮಸಿ ತಾನಾಗಿ ಉರಿದುಹೋಗುತ್ತದೆ. ಬೆಂಕಿಯ ಲಾರಿ ಎರಡು ಮೈಲಿ ಓಡಿ ಎರಡು ಗಂಟೆ ನಿಲ್ಲುವಂಥದು. ಅದರ ಸೋಸುಕ ಸಾಕಷ್ಟು ಕಾಯದೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಎಂಜಿನು ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುವಂತೆ ಏರ್ಪಾಡಿತ್ತು. ಬೆಂಕಿಯ ಎದುರಿನಲ್ಲಿ ಹೀಗಾದರೆ ಗತಿಯೇನು? 2012ರಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ತುರ್ತು ವಾಹನಗಳಿಗೆ ವಿನಾಯಿತಿ ನೀಡಬೇಕಾಯಿತು.

ಪಂಪಿನ ಸವೆತ ಸೂಕ್ಷ್ಮತರವಾದುದು. ತಿರುಗುವ ಚಕ್ರಕ್ಕೂ ಅದರ ಕವಚಕ್ಕೂ ನಡುವೆ ಅತ್ಯಲ್ಪವಾದ ಅಂತರವಿರುತ್ತದೆ. ನೀರಿನೊಡನೆ ಬಂದ ಮರಳು ಆ ಅಂಚನ್ನು ಅರೆದು ಅಂತರವನ್ನು ಹಿಗ್ಗಿಸುತ್ತದೆ. ಹೊರಗೆ ಹೋಗಬೇಕಾದ ನೀರಿನಲ್ಲಿ ಒಂದಂಶ ಒಳಗೇ ಹಿಂದಿರುಗುತ್ತದೆ. ಅದೇ ಒತ್ತಡಕ್ಕೆ ಎಂಜಿನು ಹೆಚ್ಚು ವೇಗದಿಂದ ತಿರುಗಬೇಕಾಗುತ್ತದೆ. ವರ್ಷಕ್ಕೊಮ್ಮೆ ನಡೆಸುವ ಪಂಪಿನ ಪರೀಕ್ಷೆ ಈ ಗುಟ್ಟನ್ನು ಹೊರಗೆಡವುತ್ತದೆ. ಟೈರುಗಳನ್ನು ಹೊಸದರಂತೆ ಕಂಡರೂ ಏಳು ವರ್ಷಕ್ಕೆ ತೆಗೆದುಹಾಕಬೇಕು. ರಬ್ಬರು ಉರುಳದೆಯೂ ಮುಪ್ಪಾಗುವ ವಸ್ತು.

ಏಣಿಯ ವಿಷಯವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಚಾಚಿದ ಏಣಿ ಒಂದೇ ತುದಿಯಲ್ಲಿ ಬಿಗಿದ ತೊಲೆಯಂತೆ. ತುದಿಯಲ್ಲಿ 113 ಕಿಲೋಗ್ರಾಂ ತೂಗುವ ಮನುಷ್ಯನೊಬ್ಬ ಬುಡದಿಂದ ಅಡ್ಡಲಾಗಿ 27 ಮೀಟರು ದೂರದಲ್ಲಿದ್ದರೆ, ಬುಡದ ಮೇಲೆ ಅವನೊಬ್ಬನಿಂದಲೇ 30,000 ನ್ಯೂಟನ್-ಮೀಟರಿನಷ್ಟು ಬಾಗಿಸುವ ಭ್ರಾಮಕ. ಪ್ರತಿ ಸಲ ಚಾಚಿ ಮಡಚಿದಾಗಲೂ ಬೆಸುಗೆಗಳು ಎಳೆತಕ್ಕೂ ಸಡಿಲಿಕೆಗೂ ಒಳಗಾಗುತ್ತವೆ. ಲೋಹದ ಈ ಬಳಲಿಕೆ ಕೂದಲೆಳೆಯಂಥ ಬಿರುಕಿನಿಂದ ಆರಂಭವಾಗುವುದು; ಕಣ್ಣಿಗೆ ಕಾಣದು. ಶ್ರವಣಾತೀತ ಧ್ವನಿ, ಕಾಂತೀಯ ಪುಡಿ, ಬಣ್ಣದ ದ್ರವ ಇವುಗಳ ಸಹಾಯದಿಂದ ಐದು ವರ್ಷಕ್ಕೊಮ್ಮೆಯಾದರೂ ಅದನ್ನು ಹುಡುಕಬೇಕೆಂದು ಮಾನಕ ವಿಧಿಸುತ್ತದೆ. ಡೆಟ್ರಾಯಿಟಿನ ಆಜ್ಞೆಯ ಹಿಂದಿದ್ದ ಭಯ ಈ ಬಗೆಯದು.

ಹಾಗಾದರೆ ವಾಹನಕ್ಕೆ ನಿವೃತ್ತಿ ಯಾವಾಗ? ಹದಿನೈದು ವರ್ಷ ಮೀರಿದ್ದನ್ನು ಮೀಸಲು ಪಡೆಗೆ ಸೇರಿಸಿರಿ, ಇಪ್ಪತ್ತೈದು ಮೀರಿದ್ದನ್ನು ಬಿಟ್ಟುಬಿಡಿ ಎಂಬುದು ಅಮೆರಿಕದ ಮಾನಕದ ಸಲಹೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವ ಪದ್ಧತಿ ನಿಂತಿತು. ಆಡಳಿತಕ್ಕೆ ಪಂಚಾಂಗದ ಲೆಕ್ಕ ಸುಲಭ. ಆದರೆ ದಿನಕ್ಕೆ ಹದಿನೈದು ಕರೆಗಳಿಗೆ ಓಡುವ ನಡುಪೇಟೆಯ ವಾಹನವನ್ನೂ, ವಾರಕ್ಕೆರಡು ಸಲ ಹೊರಡುವ ಹೊರವಲಯದ ವಾಹನವನ್ನೂ ಪಂಚಾಂಗ ಒಂದೇ ವಯಸ್ಸಿನವೆಂದು ಎಣಿಸುತ್ತದೆ. ಕೆಲವು ದಳಗಳು ಜಾಣತನದಿಂದ ಇವೆರಡನ್ನೂ ನಡುವಯಸ್ಸಿನಲ್ಲಿ ಅದಲುಬದಲು ಮಾಡುವುದುಂಟು.

ಮೀಸಲು ಪಡೆಯ ಮಹತ್ವವನ್ನು ಸಂಭವನೀಯತೆಯ ಗಣಿತ ಚೆನ್ನಾಗಿ ತಿಳಿಸುತ್ತದೆ. ಒಂದು ನಗರದಲ್ಲಿ 20 ಠಾಣೆಗಳು, ಠಾಣೆಗೊಂದು ವಾಹನ, ಮೀಸಲು 4 ಎಂದು ಭಾವಿಸೋಣ. ಪ್ರತಿ ವಾಹನವೂ ಹತ್ತು ದಿನಗಳಲ್ಲಿ ಒಂದು ದಿನ ದುರಸ್ತಿಯಲ್ಲಿರುವುದಾದರೆ, ಸರಾಸರಿ ಎರಡು ವಾಹನಗಳು ಕಮ್ಮಟದಲ್ಲಿರುತ್ತವೆ. ನಾಲ್ಕಕ್ಕಿಂತ ಹೆಚ್ಚು ವಾಹನಗಳು ಒಂದೇ ದಿನ ಕೆಟ್ಟು, ಯಾವುದಾದರೊಂದು ಠಾಣೆ ಬರಿದಾಗುವ ಪ್ರಸಂಗ ನೂರು ದಿನಗಳಲ್ಲಿ ನಾಲ್ಕೇ ದಿನ. ಈಗ ವಾಹನಗಳಿಗೆ ವಯಸ್ಸಾಗಿ, ಹತ್ತರಲ್ಲಿ ಎರಡು ದಿನ ದುರಸ್ತಿ ಬೇಕಾಯಿತೆನ್ನೋಣ. ಕೆಡುವುದು ಇಮ್ಮಡಿಯಾಯಿತು, ಆದರೆ ಠಾಣೆ ಬರಿದಾಗುವ ದಿನಗಳು ನೂರಕ್ಕೆ ನಾಲ್ಕರಿಂದ ಮೂವತ್ತೇಳಕ್ಕೆ ಏರುತ್ತವೆ! ದ್ವಿಪದ ಪ್ರಮೇಯವನ್ನು ಓದಿರುವ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಿ ನೋಡಬಹುದು. ಮೀಸಲು ವಾಹನಗಳೂ ಕೆಡುವುವೆಂಬುದನ್ನು ನಾನಿಲ್ಲಿ ಗಣನೆಗೆ ತಂದಿಲ್ಲ.

2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಸುತ್ತಲ ಬೆಟ್ಟಗಳು ಉರಿಯುತ್ತಿದ್ದಾಗ ಆ ನಗರದ ದಳದ ನೂರಕ್ಕೂ ಹೆಚ್ಚು ವಾಹನಗಳು ದುರಸ್ತಿಗಾಗಿ ಕಾದು ನಿಂತಿದ್ದುವೆಂದು ವರದಿಯಾಯಿತು. ಹೊಸದನ್ನು ಕೊಳ್ಳೋಣವೆಂದರೆ ಪಂಪಿನ ವಾಹನಕ್ಕೆ ಸುಮಾರು ಹತ್ತು ಲಕ್ಷ ಡಾಲರು, ಏಣಿಯದಕ್ಕೆ ಅದರ ಇಮ್ಮಡಿ. ಹಣವಿದ್ದರೂ ಕಾರ್ಖಾನೆಯಿಂದ ವಾಹನ ಹೊರಬರಲು ಎರಡು, ಮೂರು, ಕೆಲವೊಮ್ಮೆ ನಾಲ್ಕು ವರ್ಷ ಕಾಯಬೇಕು. ಅಷ್ಟು ಕಾಲವೂ ಹಳೆಯ ವಾಹನವೇ ಕರೆಗೆ ಓಡಬೇಕು, ಸ್ಥಳದಲ್ಲಿ ನಿಂತು ಉರಿಯುತ್ತಿರಬೇಕು.