ಪಕ್ಕೆಲುಬುಗಳ ಕಸುಬು

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು ಹೊರಟವರು ಕೆಳಗಿನ ಕೋಟೆ ಬಾಗಿಲುಗಳಲ್ಲಿ ಮಾತಿನ ಮಲ್ಲರು. ಬೋಳು ಬಂಡೆಯ ಕಡಿದಾದ ಏರು ಶುರುವಾಯಿತೋ, ಬಾಯಿ ಕಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಬಗ್ಗಿ, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಊರಿ ನಿಲ್ಲುತ್ತಾರೆ. ಜೊತೆಯವರು ನಗುತ್ತಾರೆ. ನಗುವಂಥದ್ದೇನೂ ಇಲ್ಲ, ಅದು ಮೈ ಕಂಡುಕೊಂಡ ಜಾಣ ಉಪಾಯ. ಅದು ತಿಳಿಯಬೇಕಾದರೆ ಸುಮ್ಮನೆ ಕೂತಾಗ ಎದೆಯೊಳಗೆ ನಡೆಯುವ ಕೆಲಸವನ್ನು ಮೊದಲು ನೋಡಬೇಕು.

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗಲು ಬಾರದು. ಬಿಟ್ಟರೆ ಕುಗ್ಗುವುದೇ ಅದರ ಸ್ವಭಾವ. ಅದಕ್ಕೂ ಎದೆಗೂಡಿನ ಗೋಡೆಗೂ ನಡುವೆ ಎರಡು ತೆಳುಪೊರೆಗಳಿವೆ, ಪೊರೆಗಳ ನಡುವೆ ತುಸುವೇ ದ್ರವ. ಅದರಿಂದಾಗಿ ಗೂಡು ಹಿಗ್ಗಿದ ಕಡೆಗೆಲ್ಲ ಶ್ವಾಸಕೋಶವೂ ಹೋಗಲೇಬೇಕು. ಹಾಗೆ ಹಿಗ್ಗಿದಾಗ ಒಳಗಿನ ಒತ್ತಡ ಕೊಂಚ ಇಳಿದು, ಹೊರಗಿನ ಗಾಳಿ ತಾನೇ ನುಗ್ಗುತ್ತದೆ. ನಮ್ಮ ಪಾಲಿನ ಕೆಲಸ ಜಾಗ ಮಾಡಿಕೊಡುವುದಷ್ಟೇ.

ಆ ಜಾಗದಲ್ಲಿ ಹೆಚ್ಚಿನ ಪಾಲು ಮಾಡಿಕೊಡುವುದು ವಪೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಉಬ್ಬಿ ನಿಂತ ತೆಳು ಸ್ನಾಯು ಇದು. ಕೆಳಗಿನ ಪಕ್ಕೆಲುಬುಗಳನ್ನೂ ಸೊಂಟದ ಬೆನ್ನುಮೂಳೆಗಳನ್ನೂ ಹಿಡಿದುಕೊಂಡಿದೆ. ಬಿಗಿದಾಗ ಕೆಳಗಿಳಿಯುತ್ತದೆ. ಆರಾಮಾಗಿ ಕೂತಾಗ ಒಂದೂವರೆ ಸೆಂಟಿಮೀಟರಿನಷ್ಟು ಇಳಿದರೆ ಸಾಕು, ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ಬಂದಿರುತ್ತದೆ. ಮಲಗಿದ ಮಗುವಿನ ಹೊಟ್ಟೆ ಏರಿಳಿಯುವುದು ಈ ವಪೆ ಕರುಳುಗಳನ್ನು ಕೆಳಕ್ಕೆ ಒತ್ತುವುದರಿಂದ. ವಿಚಿತ್ರವೆಂದರೆ, ಇಷ್ಟು ಕೆಳಗಿರುವ ಸ್ನಾಯುವಿಗೆ ನರ ಬರುವುದು ಕುತ್ತಿಗೆಯಿಂದ. ಗರ್ಭದಲ್ಲಿ ಅದು ರೂಪುಗೊಳ್ಳಲು ತೊಡಗುವುದು ಕುತ್ತಿಗೆಯ ಮಟ್ಟದಲ್ಲಿ. ಆಮೇಲೆ ಕೆಳಗಿಳಿಯುವಾಗ ನರವನ್ನೂ ಜೊತೆಗೇ ಎಳೆದುಕೊಂಡು ಬರುತ್ತದೆ.

ಇನ್ನು ಎಲುಬುಗಳು. ಪಕ್ಕೆಲುಬುಗಳು 12 ಜೊತೆ. ಹಿಂದೆ ಎಲ್ಲವೂ ಬೆನ್ನುಮೂಳೆಗೆ ಕೀಲಿನಿಂದ ಸೇರಿವೆ. ಮುಂದೆ ಮೇಲಿನ 7 ಜೊತೆ ಮೃದು ಎಲುಬಿನ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ, ಮುಂದಿನ 3 ತಮ್ಮ ಮೇಲಿನದನ್ನು ಆತುಕೊಳ್ಳುತ್ತವೆ, ಕೊನೆಯ 2 ಜೊತೆಗೆ ಮುಂದೆ ಆಸರೆಯೇ ಇಲ್ಲ. ಪ್ರತಿಯೊಂದೂ ಹಿಂದಿನಿಂದ ಮುಂದಕ್ಕೆ ಇಳಿಜಾರು. ಗುಟ್ಟೆಲ್ಲ ಆ ಇಳಿಜಾರಿನಲ್ಲಿದೆ. ಪಕ್ಕೆಗಳ ನಡುವಿನ ಸ್ನಾಯುಗಳು ಅವನ್ನು ಮೇಲಕ್ಕೆ ಜಗ್ಗಿದಾಗ ಮೇಲಿನವು ಎದೆಮೂಳೆಯನ್ನು ಮುಂದಕ್ಕೆ ದೂಡುತ್ತವೆ, ಕೆಳಗಿನವು ಬಕೆಟ್ಟಿನ ಹಿಡಿ ಎತ್ತಿದಂತೆ ಪಕ್ಕಕ್ಕೆ ಅಗಲವಾಗುತ್ತವೆ. ಎರಡೂ ಅಂಗೈಗಳನ್ನು ಪಕ್ಕೆಯ ಮೇಲಿಟ್ಟು ಆಳವಾಗಿ ಉಸಿರೆಳೆದರೆ ಬೆರಳ ತುದಿಗಳು ದೂರ ಸರಿಯುವುದು ಗೊತ್ತಾಗುತ್ತದೆ.

ಈಗ ಬೆಟ್ಟದ ಮೇಲಿನವರ ವಿಚಾರ. ಏದುಸಿರು ಬಂದಾಗ ಕುತ್ತಿಗೆಯ ಸ್ನಾಯುಗಳೂ ಎದ್ದು ನಿಂತು ಗೂಡನ್ನು ಮೇಲಕ್ಕೆತ್ತುತ್ತವೆ. ಎದೆಯ ಮೇಲಿನ ದಪ್ಪ ಸ್ನಾಯುಗಳ ನಿತ್ಯದ ಕೆಲಸ ತೋಳನ್ನು ಎಳೆಯುವುದು. ಕೈ ಊರಿ ತೋಳು ಅಲುಗದಂತಾದರೆ ಅವೇ ಸ್ನಾಯುಗಳು ತಿರುಗಿ ಪಕ್ಕೆಲುಬುಗಳನ್ನು ಎಳೆಯುತ್ತವೆ. ಮಂಡಿಯ ಮೇಲಿನ ಕೈ ಮಾಡುವುದು ಇಷ್ಟೇ. ಉಬ್ಬಸದವರು ಮಂಚದಂಚಿನಲ್ಲಿ ಕೈಯೂರಿ ಕೂರುವುದೂ ಇದಕ್ಕೇ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಹೋದವರೂ ಇದನ್ನು ಯಾರ ಪಾಠವೂ ಇಲ್ಲದೆ ಮಾಡುತ್ತಾರೆ.

ಒಳಗೆಳೆಯುವುದು ದುಡಿಮೆ, ಬಿಡುವುದು ಬಿಡುವು. ಆರಾಮಿನ ಹೊರ ಉಸಿರಿಗೆ ಸ್ನಾಯು ಬೇಕಿಲ್ಲ, ಹಿಗ್ಗಿದ್ದು ತಾನೇ ಕುಗ್ಗುತ್ತದೆ. ಆದರೆ ನನ್ನ ಮಟ್ಟಿಗೆ ನಿಜವಾದ ಕುಶಲತೆ ಕಾಣುವುದು ಆ ಬಿಡುವನ್ನು ಹಿಡಿತದಲ್ಲಿಡುವವರಲ್ಲಿ. ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಥನ ಹಾಡುವಾಗ ಗಣೆ ಊದುತ್ತಾರೆ. ಉದ್ದನೆಯ ಬಿದಿರಿನ ವಾದ್ಯ ಅದು. ಎದೆ ತುಂಬ ಗಾಳಿ ತುಂಬಿಕೊಂಡವನ ಶ್ವಾಸಕೋಶ ಒಮ್ಮೆಗೇ ಕುಗ್ಗಲು ಹವಣಿಸುತ್ತದೆ. ಬಿಟ್ಟರೆ ಮೊದಲ ದನಿ ಅಬ್ಬರಿಸಿ, ಮುಂದಿನದು ಸೊರಗುತ್ತದೆ. ಅದಕ್ಕೇ ಊದುವ ಹೊತ್ತಿನಲ್ಲೂ ಉಸಿರೆಳೆಯುವ ಸ್ನಾಯುಗಳು ಬಿಗಿಯಾಗಿಯೇ ಇದ್ದು, ಗೂಡನ್ನು ಮೇಲೆ ಹಿಡಿದು, ಕೂದಲೆಳೆಯಷ್ಟೇ ಸಡಿಲಿಸುತ್ತ ಹೋಗುತ್ತವೆ. ಗಾಳಿ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಆಟ ತಿರುಗುತ್ತದೆ. ಕುಗ್ಗುವ ಬಲ ಸಾಲದಾಗಿ, ಹೊಟ್ಟೆಯ ಸ್ನಾಯುಗಳೂ ಪಕ್ಕೆಗಳ ಒಳಪದರವೂ ತಳ್ಳಲು ನಿಲ್ಲುತ್ತವೆ. ಈ ಹಸ್ತಾಂತರ ಕೇಳುವವರ ಕಿವಿಗೆ ಬೀಳಬಾರದು, ಪಳಗಿದವನಲ್ಲಿ ಬೀಳುವುದೂ ಇಲ್ಲ.

ಎಷ್ಟೇ ಊದಿದರೂ ಒಂದು ಲೀಟರಿಗೂ ಮಿಕ್ಕಿ ಗಾಳಿ ಒಳಗೇ ಉಳಿಯುತ್ತದೆ. ಗೂಡು ಅದಕ್ಕಿಂತ ಕುಗ್ಗದು. ಊದುತ್ತ ಊದುತ್ತ ಹೊಟ್ಟೆಯನ್ನು ಬೆನ್ನಿಗಂಟುವಷ್ಟು ಒತ್ತಿಕೊಂಡಿದ್ದವನು ಅದನ್ನು ಸಡಿಲಬಿಟ್ಟ ಕ್ಷಣಕ್ಕೇ ಕರುಳು ಕೆಳಗೆ ಜಾರಿ, ವಪೆಯೂ ಜೊತೆಗಿಳಿದು, ಮುಂದಿನ ಉಸಿರಿನ ಮೊದಲ ಪಾಲು ದುಡಿಮೆಯಿಲ್ಲದೆ ಒಳಬರುತ್ತದೆ. ದನಿ ಕಡಿದಂತೆ ಕೇಳದಿರಲು ಗಣೆಯವನಿಗೆ ಅಷ್ಟೇ ಹೊತ್ತು ಸಾಕು.